ಅಂಚು ಕತ್ತರಿಸಿದ ಚಿತ್ರ

ಚಿತ್ರ ಸರಿಯಿಲ್ಲ ಎಂದು ಅವನು ಹೇಳಿದಾಗ ಆ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳುವುದಾದರೂ ಏಕೆ? ಮದುವೆಯಾದಾಗಿನಿಂದ ಅವನು ಹೇಳುತ್ತ ಬಂದದ್ದೇ ಅದನ್ನು. ಬೆಳಿಗ್ಗೆ ವಾರ್ತೆ ಹಾಕಿದರೆ ವಾರ್ತೆ ಓದುವವಳ ಮೂಗು ಕಲಸಿಹೋಗಿದೆ ಎನ್ನುತ್ತಿದ್ದ. ಸಂಜೆ ಧಾರಾವಾಹಿ ಹಾಕಿದರೆ ಹಿಂದಿನ ಗೋಡೆಯ ಬಣ್ಣ ಪಟ್ಟೆ ಪಟ್ಟೆಯಾಗಿದೆ ಎನ್ನುತ್ತಿದ್ದ. ಕುದುರೆ ಓಡುವ ಸಿನಿಮಾ ಬಂದರಂತೂ, ಕುದುರೆಗೆ ಯಾರೋ ಚೌಕಳಿ ಅಂಗಿ ತೊಡಿಸಿದ್ದಾರೆ ನೋಡಿ ಎಂದು ಗೊಣಗುತ್ತ ತಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ಎದ್ದುಹೋಗುತ್ತಿದ್ದ.

ಅವನನ್ನು ಬೈದು ಪ್ರಯೋಜನವಿರಲಿಲ್ಲ, ಕೆಲಸವೇ ಅಂಥದ್ದು. ಹಳೆಯ ಸಿನಿಮಾ ರೀಲುಗಳನ್ನು ತೊಳೆದು, ಗೀರು ಅಳಿಸಿ, ಎಚ್‌ಡಿ ಡಿಸ್ಕಿಗೆ ಇಳಿಸಿ ಮಾರುವ ಕಂಪನಿಯಲ್ಲಿ ಅವನು ಚಿತ್ರ ಪರೀಕ್ಷಕ. ಡಿಸ್ಕುಗಳು ರಾಶಿಗಟ್ಟಲೆ ಅಚ್ಚಾಗುವ ಮುಂಚೆ ಮಾದರಿಯೊಂದು ಅವನ ಮುಂದೆ ಬರುತ್ತಿತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಧ್ವನಿಯನ್ನು ಪೂರ್ತಿ ಮುಚ್ಚಿ, ಮೊದಲಿನಿಂದ ಕೊನೆಯ ತನಕ ನೋಡಬೇಕು. ಕಥೆ ನೋಡುವಂತಿಲ್ಲ. ಎಲ್ಲಿ ಚುಕ್ಕೆ ಬಿದ್ದಿದೆ, ಎಲ್ಲಿ ನೆರಳು ಒಡೆದಿದೆ, ಎಲ್ಲಿ ಯಾರದೋ ತಲೆಗೂದಲು ಅಂಟಿಕೊಂಡಿದೆ ಎಂದು ಹುಡುಕಬೇಕು. "ಆ ಸಿನಿಮಾದಲ್ಲಿ ಹೀರೋಯಿನ್ ಕೊನೆಗೆ ಸಾಯ್ತಾಳಾ?" ಎಂದು ಹೆಂಡತಿ ಕೇಳಿದರೆ, "ಅದು ಗೊತ್ತಿಲ್ಲ. ಅವಳ ಹಿಂದೆ ಇದ್ದ ಪರದೆ ಮೇಲೆ ಒಂದು ಗೀರು ಇತ್ತು," ಎನ್ನುತ್ತಿದ್ದ. ಅವನ ಕಣ್ಣು ತಪ್ಪಿಸಿ ಒಂದು ಧೂಳಿನ ಕಣವೂ ಡಿಸ್ಕಿನೊಳಗೆ ಹೋಗಲಾರದು ಎಂಬ ಹೆಸರಿತ್ತು. ಕಂಪನಿಯಲ್ಲಿ ಅವನನ್ನು ಹದ್ದು ಎಂದೇ ಕರೆಯುತ್ತಿದ್ದರು. ಆ ಮನೆಯ ಒಲೆ ಉರಿಯುತ್ತಿದ್ದದ್ದು ಆ ಎರಡು ಕಣ್ಣುಗಳಿಂದ.

ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ಪಕ್ಕದ ಕಟ್ಟಡಗಳ ಹೆಂಗಸರ ಬಟ್ಟೆಗಳನ್ನು ಮೈ ದಪ್ಪವಾದಾಗ ಬಿಚ್ಚುವುದು, ಸಣ್ಣಗಾದಾಗ ಹಿಡಿಯುವುದು. ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಹೊಲಿಗೆಯಿಂದ ತರಕಾರಿ, ಹಾಲು ಸಾಗುತ್ತಿತ್ತೇ ಹೊರತು ಬಾಡಿಗೆ ಸಾಗುತ್ತಿರಲಿಲ್ಲ.

ಟಿವಿ ಇದ್ದದ್ದು ಒಂದೇ. ನೋಡುವವರದು ಎರಡು ಪಕ್ಷ. ಒಂದು ಪಕ್ಷ ಅವನದು, ಡಿಸ್ಕಿನ ಪಕ್ಷ. ಇನ್ನೊಂದು ಅವನ ತಾಯಿಯದು, ಚಾನೆಲ್ಲಿನ ಪಕ್ಷ. ಮಗಳು ಗುಬ್ಬಿಗೆ ಈ ಜಗಳದಲ್ಲಿ ಆಸಕ್ತಿಯಿರಲಿಲ್ಲ. ಅವಳು ಕಟ್ಟಡದ ನಕ್ಷೆ ಬಿಡಿಸುವ ಕೋರ್ಸಿನ ಕೊನೆಯ ವರ್ಷದಲ್ಲಿದ್ದಳು, ನೋಡುವುದನ್ನೆಲ್ಲ ಅಂಗೈಯಗಲದ ಫೋನಿನಲ್ಲೇ ನೋಡಿ ಮುಗಿಸುತ್ತಿದ್ದಳು. ಅದನ್ನು ಕಂಡರೆ ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಅಮ್ಮಾ, ಸ್ವಲ್ಪ ಹಿಂದೆ ಬಾ. ಟಿವಿ ಒಳಗೇ ಹೋಗಿ ಕೂತ್ಕೋತೀಯೇನೋ," ಎಂದ ಅವನು ತಾಯಿಗೆ.

"ಇಲ್ಲಿಂದ ಚೆನ್ನಾಗಿ ಕೇಳ್ಸುತ್ತೆ ಕಣೋ."

"ಕೇಳೋದಕ್ಕೆ ರೇಡಿಯೋ ಸಾಕು. ಇದು ನೋಡೋ ವಸ್ತು. ಈಗ ಈ ಚಾನೆಲ್ಲಲ್ಲಿ ಬರ್ತಿದೆಯಲ್ಲ, ಅದೇ ಸಿನಿಮಾ ಡಿಸ್ಕಲ್ಲಿ ಹಾಕ್ತೀನಿ. ಎರಡೂ ನೋಡಿ ನೀನೇ ಹೇಳು."

ಅವನು ರಿಮೋಟು ಒತ್ತಿ ಅತ್ತ ಇತ್ತ ಬದಲಿಸಿ ತೋರಿಸಿದ. ಡಿಸ್ಕಿನಲ್ಲಿ ಮರದ ಎಲೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಚಾನೆಲ್ಲಿನಲ್ಲಿ ಅದೇ ಮರ ಹಸಿರು ಮುದ್ದೆಯಾಗಿತ್ತು.

"ನಂಗೇನೂ ವ್ಯತ್ಯಾಸ ಕಾಣ್ಲಿಲ್ಲಪ್ಪ. ಎರಡೂ ಒಂದೇ."

"ಒಂದೇನಾ? ಕಣ್ಣಿದ್ದೋರಿಗೆ ತಾನೇ ಕಾಣೋದು."

ಗುಬ್ಬಿ ಕಿಸಕ್ಕನೆ ನಕ್ಕಳು. ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ಟೈಲರಮ್ಮನೂ ನಕ್ಕಳು. ಅತ್ತೆಯೇ ಎಲ್ಲರಿಗಿಂತ ಜೋರಾಗಿ ನಕ್ಕು, ಸ್ಟೂಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಆಮೇಲೆ ಅವನ ಪಾಠ ಶುರುವಾಗುತ್ತಿತ್ತು, ಅದೂ ಹೆಂಡತಿಗೆ. "ನೋಡು, ನೀನು ಇಸ್ತ್ರಿ ಮಾಡಿದ ಬಟ್ಟೆನ ದೊಡ್ಡ ಪೆಟ್ಟಿಗೆಯಲ್ಲಿ ಮಡಚಿಟ್ರೆ ಹಾಗೇ ಇರುತ್ತೆ. ಅದನ್ನೇ ಕೈಚೀಲಕ್ಕೆ ತುರುಕಿದ್ರೆ? ಮುದುರುತ್ತೆ. ಡಿಸ್ಕು ಅಂದ್ರೆ ಪೆಟ್ಟಿಗೆ. ಚಾನೆಲ್ಲಿನೋರು ನೂರಾರು ಚಾನೆಲ್ಲುಗಳನ್ನ ಒಂದೇ ಚೀಲದಲ್ಲಿ ತುರುಕಿ ಕಳಿಸ್ತಾರೆ."

"ಬಟ್ಟೆ ಮುದುರಿದ್ರೂ ಮಾನ ಮುಚ್ಚುತ್ತಲ್ಲ, ಅತ್ತೆಗೆ ಅಷ್ಟು ಸಾಕಂತೆ. ಬಿಡಿ," ಎನ್ನುತ್ತಿದ್ದಳು ಟೈಲರಮ್ಮ.

"ಮುದುರೋದು ಹೋಗ್ಲಿ, ಅಂಚೂ ಕತ್ತರಿಸ್ತಾರೆ ಕಣೇ."

ಈ ಅಂಚಿನ ದೂರು ಸುಳ್ಳಲ್ಲ. ಬಹಳಷ್ಟು ಟಿವಿಗಳು ಚಾನೆಲ್ಲಿನ ಚಿತ್ರವನ್ನು ಒಂದಿಷ್ಟು ಹಿಗ್ಗಿಸಿ ತೋರಿಸುತ್ತವೆ, ಸುತ್ತಲಿನ ಅಂಚು ಚೌಕಟ್ಟಿನ ಆಚೆಗೆ ಹೋಗಿಬಿಡುತ್ತದೆ. ಡಿಸ್ಕಿನಲ್ಲಾದರೆ ಛಾಯಾಗ್ರಾಹಕ ಹಿಡಿದದ್ದೆಲ್ಲ ಮೂಲೆಯ ತನಕ ಸಿಗುತ್ತದೆ. ಅವನು ಇದನ್ನು ಎಷ್ಟು ಸಲ ಹೇಳಿದ್ದನೆಂದರೆ, ಏನಾದರೂ ಕಣ್ಣಿಗೆ ಬೀಳದಿದ್ದರೆ ಅದನ್ನು ಯಾರೋ ಕತ್ತರಿಸಿದ್ದಾರೆ ಎಂದು ನಂಬುವುದು ಆ ಮನೆಯಲ್ಲಿ ಎಲ್ಲರಿಗೂ ರೂಢಿಯಾಗಿಬಿಟ್ಟಿತ್ತು. ಬೇರೆ ಯಾವ ಮನೆಯಲ್ಲೇ ಆಗಲಿ, ಗಂಡಸೊಬ್ಬ ನನಗೆ ಬದಿಯದು ಕಾಣುತ್ತಿಲ್ಲ ಎಂದಿದ್ದರೆ ಹೆಂಡತಿಯಾದವಳು ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದಳು.

"ಇತ್ತೀಚೆಗೆ ಬಹಳ ಕತ್ತರಿಸ್ತಿದಾರೆ," ಎಂದ ಒಂದು ಸಂಜೆ. "ಇಬ್ರು ಮಾತಾಡ್ತಿದ್ರೆ ಒಬ್ಬನೇ ಕಾಣ್ತಾನೆ. ಇನ್ನೊಬ್ಬ ಎಲ್ಲಿ ಅಂತ ತಲೆ ತಿರುಗಿಸಿ ಹುಡುಕ್ಬೇಕು."

"ಬೆಳಿಗ್ಗೆಯಿಂದ ಸಂಜೆ ತನಕ ನೋಡಿ ನೋಡಿ ಕಣ್ಣು ಸೋತಿರುತ್ತೆ. ಊಟ ಮಾಡಿ, ಮಲ್ಕೊಳಿ."

ಅವನು ಊಟಕ್ಕೆ ಕೂತು ಕೈಚಾಚಿದ. ಬಲಗಡೆಗಿದ್ದ ನೀರಿನ ಲೋಟ ಉರುಳಿ ಅನ್ನದ ತಟ್ಟೆಯೆಲ್ಲ ನೀರಾಯಿತು.

"ಲೋಟ ಅಂಚಲ್ಲಿ ಯಾಕೆ ಇಟ್ಟೆ?"

"ಯಾವಾಗ್ಲೂ ಅಲ್ಲೇ ಇಡೋದು. ನಿಮ್ಮ ಗಮನ ಎಲ್ಲಿದೆ?"

"ಗಮನ ಇರೋದಕ್ಕೇ ನಿಮಗೆಲ್ಲ ಊಟ ಸಿಗ್ತಿರೋದು."

ಮಾತಿಗೆ ಮಾತು ಬೆಳೆಯಿತು. ಗುಬ್ಬಿ ತನ್ನ ತಟ್ಟೆ ಎತ್ತಿಕೊಂಡು ಕೋಣೆಗೆ ಹೋದಳು. ಅತ್ತೆ ಮೇಜನ್ನು ತಡವುತ್ತ ಉಪ್ಪಿನ ಡಬ್ಬಿ ಹುಡುಕಿದಳು, ಟೈಲರಮ್ಮ ಸಿಟ್ಟಿನಲ್ಲೇ ಅದನ್ನು ಅವಳ ಕೈಗೆ ತುರುಕಿದಳು.

ಹೀಗೆ ವಾರಗಳು ಉರುಳಿದವು. ಮೊದಮೊದಲು ಚಾನೆಲ್ಲಿನ ಅಂಚು ಮಾತ್ರ ಹೋಗುತ್ತಿತ್ತು, ಆಮೇಲೆ ಡಿಸ್ಕಿನ ಅಂಚೂ ಹೋಗತೊಡಗಿತು. ಡಿಸ್ಕಿನ ಮೇಲೆ ಅಪನಂಬಿಕೆ ಪಡುವಂತಿಲ್ಲ, ಹಾಗಾಗಿ ಅವನ ಸಿಟ್ಟು ಟಿವಿಯ ಮೇಲೆ ತಿರುಗಿತು. ಭಾನುವಾರಗಳೆಲ್ಲ ಸೆಟ್ಟಿಂಗು ಬದಲಿಸುವುದರಲ್ಲೇ ಕಳೆದವು. ಕೇಬಲ್ ಬದಲಿಸಿದ. ರಿಪೇರಿಯವನನ್ನು ಕರೆಸಿದ, ಅವನು ಬಂದು ಹಿಂದೆ ಮುಂದೆ ತಟ್ಟಿ ನೋಡಿ, ಚಹಾ ಕುಡಿದು, ಟಿವಿ ಕಲ್ಲುಗುಂಡಿನಂತಿದೆ ಎಂದು ಹೇಳಿ ಹೋದ. "ಅವನಿಗೇನು ಗೊತ್ತು? ಪರದೆಯ ಅಂಚು ಸತ್ತಿದೆ," ಎಂದ ಹದ್ದು. ಒಳಗೆ ಹೋಗುತ್ತ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡು, ಈ ಮನೆಯ ಬಾಗಿಲುಗಳೂ ಕಿರಿದು ಎಂದು ಬೈದ.

ಕೊನೆಗೆ ಒಂದು ದಿನ ಗೋಡೆಯಗಲದ ಹೊಸ ಟಿವಿ ಮನೆಗೆ ಬಂತು. ಗುಬ್ಬಿಯ ಫೀಸಿಗೆಂದು ಎತ್ತಿಟ್ಟಿದ್ದನ್ನು ಮುರಿದು ತಂದಿದ್ದ. ಟೈಲರಮ್ಮ ಅಂದು ಒಲೆ ಹಚ್ಚಲಿಲ್ಲ. ಮನೆಯವರೆಲ್ಲ ಬ್ರೆಡ್ಡು ತಿಂದರು.

"ಇದಿಲ್ದೆ ಜೀವ ಹೋಗ್ತಿತ್ತಾ?" ಎಂದಳು.

"ನನ್ನ ಕಣ್ಣು ಪಳಗಿರಬೇಕು ಅಂದ್ರೆ ಮನೆಯಲ್ಲೂ ಒಳ್ಳೆ ಚಿತ್ರ ಇರ್ಬೇಕು. ಕೆಲಸದಲ್ಲಿ ಒಂದು ತಪ್ಪು ಕಣ್ತಪ್ಪಿದ್ರೆ ನಾನು ಬೀದಿಗೆ ಬೀಳ್ತೀನಿ, ಗೊತ್ತಾ? ನನ್ನ ಹಿಂದೆ ನೀವೂ."

ಹೊಸ ಟಿವಿಯ ಮುಂದೆ ಅವನು ಒಂದು ಗಂಟೆ ಕೂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಟಿವಿ ದೊಡ್ಡದಾದಷ್ಟೂ ಅವನಿಗೆ ಸಿಗುವ ಚಿತ್ರ ಸಣ್ಣದಾಗುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ರಿಮೋಟನ್ನು ತಾಯಿಯ ಮಡಿಲಲ್ಲಿಟ್ಟು, "ನೀನೇ ನೋಡ್ಕೋ ಅಮ್ಮಾ. ಡಿಸ್ಕೂ ಅಷ್ಟೇ, ಚಾನೆಲ್ಲೂ ಅಷ್ಟೇ," ಎಂದು ಎದ್ದುಹೋದ.

ಆಮೇಲಿನ ದಿನಗಳಲ್ಲಿ ಆ ಮನೆ ಎಂದೂ ಇಲ್ಲದಷ್ಟು ತಣ್ಣಗಿತ್ತು. ಸಂಜೆ ಜಗಳವಿಲ್ಲ, ಪಾಠವಿಲ್ಲ. ಅತ್ತೆ ಧಾರಾವಾಹಿ ಹಾಕಿಕೊಂಡು ಕೂರುತ್ತಿದ್ದಳು, ಮಗ ಪಕ್ಕದಲ್ಲಿ ಸುಮ್ಮನೆ ಕೂತು ಮೊಟ್ಟೆ ಸುಲಿದು ಅವಳಿಗೆ ಕೊಡುತ್ತಿದ್ದ. ಅಂತೂ ಇವರಿಗೆ ಬುದ್ಧಿ ಬಂತು ಎಂದು ಟೈಲರಮ್ಮ ಸಂತೋಷಪಟ್ಟಳು. ಪಕ್ಕದ ಮನೆಯಾಕೆಗೂ ಹೇಳಿಕೊಂಡಳು.

ಕಂಪನಿಯಿಂದ ಫೋನು ಬಂದದ್ದು ಒಂದು ರಜೆಯ ದಿನ ಮಧ್ಯಾಹ್ನ. ಅವನು ಕಿವಿಗಿಟ್ಟುಕೊಂಡು, "ಇಲ್ಲ ಸಾರ್, ಸಾಧ್ಯನೇ ಇಲ್ಲ. ನಾನೇ ಕೂತು ನೋಡಿದೀನಿ," ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಒಂದು ಡಿಸ್ಕು ಅಂಗಡಿಗಳಿಂದ ವಾಪಸು ಬರುತ್ತಿತ್ತು. ಕೊಂಡವರೆಲ್ಲರ ದೂರೂ ಒಂದೇ. ಸಿನಿಮಾದ ಮಧ್ಯದಲ್ಲಿ ಬಲಗಡೆಯ ಮೇಲಿನ ಮೂಲೆಯಲ್ಲಿ ಕರಿ ಮಚ್ಚೆಯೊಂದು ಬಂದು, ಬಹಳ ಹೊತ್ತು ಹಾಗೇ ನಿಲ್ಲುತ್ತದೆ. ಮಾದರಿಗೆ ಒಪ್ಪಿಗೆಯ ಸಹಿ ಹಾಕಿದ್ದವನು ಹದ್ದು.

ಅವನು ಬೀರುವಿನಿಂದ ಆ ಡಿಸ್ಕು ತೆಗೆದು ಹೊಸ ಟಿವಿಗೆ ಹಾಕಿದ. "ಎಲ್ರೂ ಬನ್ನಿ. ನೀವೇ ಸಾಕ್ಷಿ," ಎಂದು ಕರೆದ. ಟೈಲರಮ್ಮ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಬಂದಳು. ಗುಬ್ಬಿ ಬಾಗಿಲಲ್ಲಿ ನಿಂತಳು. ಫೋನಿನಲ್ಲಿ ಹೇಳಿದ್ದ ಜಾಗಕ್ಕೆ ಅವನು ಸಿನಿಮಾ ಓಡಿಸಿ ನಿಲ್ಲಿಸಿದ.

"ಎಲ್ಲಿದೆ ಮಚ್ಚೆ? ನೋಡಿ. ಕನ್ನಡಿ ಹಾಗಿದೆ ಚಿತ್ರ."

ಮಚ್ಚೆ ಅಂಗೈಯಷ್ಟು ದೊಡ್ಡದಿತ್ತು.

"ಅಪ್ಪಾ, ಇದೆಯಲ್ಲ," ಎಂದಳು ಗುಬ್ಬಿ ಮೆಲ್ಲಗೆ.

"ಎಲ್ಲಿ?"

"ಅಲ್ಲೇ, ಮೇಲೆ, ಮೂಲೆಯಲ್ಲಿ."

"ಎಲ್ಲಿ ಅಂತ ಸರಿಯಾಗಿ ಹೇಳ್ರೇ."

ಟೈಲರಮ್ಮ ಕತ್ತರಿಯನ್ನು ಕೆಳಗಿಟ್ಟು ಟಿವಿಯ ಹತ್ತಿರ ಹೋದಳು. ಮಚ್ಚೆಯ ಮೇಲೆ ಬೆರಳಿಟ್ಟು, "ಇಲ್ಲಿ ರೀ," ಎಂದಳು.

ಅವನು ನೆಟ್ಟಗೆ ಮುಂದೆ ನೋಡುತ್ತಿದ್ದ. "ನಿನ್ನ ಕೈ ಎಲ್ಲಿದೆ?" ಎಂದ.

ಆಗ ಅವಳಿಗೆ ಎಲ್ಲವೂ ಅರ್ಥವಾಯಿತು. ಲೋಟ, ಬಾಗಿಲು, ಅಂಚು, ಹೊಸ ಟಿವಿ, ತಣ್ಣಗಿದ್ದ ಸಂಜೆಗಳು, ಎಲ್ಲವೂ. ಟಿವಿಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅವನು ನಿಧಾನವಾಗಿ ತಲೆ ತಿರುಗಿಸಿ ಮಚ್ಚೆಯನ್ನು ನೋಡಿದ. ಮತ್ತೆ ತಲೆ ನೆಟ್ಟಗೆ ಮಾಡಿದ, ಮತ್ತೆ ತಿರುಗಿಸಿದ. ಹಾಗೆ ಎಷ್ಟೋ ಸಲ ಮಾಡಿದ.

ಕಣ್ಣಿನ ಆಸ್ಪತ್ರೆಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಸುತ್ತಿಬಳಸಿ ಹೇಳುವ ಅಭ್ಯಾಸ ಇನ್ನೂ ಆಗಿರಲಿಲ್ಲ. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತ ಬಂದಿದೆ ಎಂದರು. ಬದಿಯಿಂದ ಶುರುವಾಗಿ ನಡುವಿಗೆ ಬರುತ್ತದೆ. ನೋವಿಲ್ಲ, ಕೆಂಪಾಗುವುದಿಲ್ಲ. ನಡುವೆ ಉಳಿದ ಕಿಂಡಿಯಲ್ಲಿ ಸಣ್ಣ ಅಕ್ಷರವನ್ನೂ ಓದಬಹುದು, ಹಾಗಾಗಿ ಗೊತ್ತೇ ಆಗುವುದಿಲ್ಲ.

"ಆಪರೇಷನ್ ಮಾಡಿದ್ರೆ ಬರುತ್ತಾ ಸಾರ್?" ಎಂದಳು ಟೈಲರಮ್ಮ.

"ಹೋಗಿದ್ದು ಬರಲ್ಲಮ್ಮ. ಔಷಧಿ ಹಾಕಿ ಉಳಿದಿದ್ದನ್ನ ಹಿಡಿದಿಟ್ಕೊಬೇಕು. ಇವರಿಗೆ ಉಳಿದಿರೋದೂ ಕಡಿಮೆ."

"ಮುಂಚೆ ಬಂದಿದ್ರೆ?"

"ಮುಂಚೆ ಬಂದಿದ್ರೆ ಬಹಳಷ್ಟು ಉಳೀತಿತ್ತು." ಡಾಕ್ಟರು ಚೀಟಿ ಬರೆಯುತ್ತ ಕೇಳಿದರು, "ಇವರ ತಾಯಿ ಇದಾರಾ? ಮಕ್ಕಳು? ಎಲ್ರನ್ನೂ ತೋರಿಸ್ಬೇಕು. ಇದು ರಕ್ತದಲ್ಲಿ ಬರೋದು."

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಹೆಂಡತಿ ಕೈ ಹಿಡಿಯಲು ಬಂದರೆ ಅವನು ಕೊಡವಿದ. ಮುಂದಿನ ಮೆಟ್ಟಿಲು ತಪ್ಪಿದಾಗ ತಾನೇ ಹಿಡಿದುಕೊಂಡ.

ಕಂಪನಿಯವರು ಕೆಟ್ಟವರಲ್ಲ. ಪರೀಕ್ಷೆಯ ಕೋಣೆಯಿಂದ ತೆಗೆದು ಗೋದಾಮಿಗೆ ಹಾಕಿದರು, ಡಿಸ್ಕಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ. ಅಲ್ಲಿ ಯಾರೋ ಹಳೆಯ ರೂಢಿಯಲ್ಲಿ "ಏ ಹದ್ದು" ಎಂದು ಕೂಗಿ ನಡುವೆಯೇ ನಾಲಿಗೆ ಕಚ್ಚಿಕೊಂಡರಂತೆ. ಕೆಲವು ವಾರಗಳಾದ ಮೇಲೆ ಬದಿಯಿಂದ ಬಂದ ತಳ್ಳುಗಾಡಿಗೆ ಸಿಕ್ಕಿ ಮೊಣಕೈ ಮುರಿಯಿತು. ಕೈ ವಾಸಿಯಾದ ಮೇಲೂ ಬನ್ನಿ ಎಂದು ಯಾರೂ ಕರೆಯಲಿಲ್ಲ. ಅವನೂ ಕೇಳಲಿಲ್ಲ. ಟೈಲರಮ್ಮ ಒಂದು ಬಟ್ಟೆ ಅಂಗಡಿಯಿಂದ ಮೂಟೆಗಟ್ಟಲೆ ಪ್ಯಾಂಟು ತಂದು ಹಾಕಿಕೊಂಡಳು. ಯಂತ್ರದ ಸದ್ದು ಬೆಳಿಗ್ಗೆ ಶುರುವಾದರೆ ನಿಲ್ಲುತ್ತಿದ್ದದ್ದು ಅಡುಗೆಗೆ ಮಾತ್ರ.

ಅತ್ತೆಯನ್ನು ಆಸ್ಪತ್ರೆಗೆ ಒಯ್ದದ್ದು ಆ ದಿನಗಳಲ್ಲೇ. "ನಂಗ್ಯಾಕೆ? ಸಾಯೋ ವಯಸ್ಸಿಗೆ ಕಣ್ಣು ಕಟ್ಕೊಂಡು ಏನಾಗ್ಬೇಕು?" ಎಂದು ಅವಳು ದಾರಿಯುದ್ದಕ್ಕೂ ಗೊಣಗಿದಳು. ಡಾಕ್ಟರು ನೋಡಿ ಟೈಲರಮ್ಮನನ್ನು ಪಕ್ಕಕ್ಕೆ ಕರೆದರು. ಒಂದು ಕಣ್ಣು ಹೋಗಿ ವರ್ಷಗಳೇ ಆಗಿವೆ, ಇನ್ನೊಂದರಲ್ಲಿ ಬೆಳಕು ಕತ್ತಲು ತಿಳಿಯುವಷ್ಟು ಮಾತ್ರ ಇದೆ ಎಂದರು. "ಮನೆಯಲ್ಲಿ ಯಾರೂ ಗಮನಿಸಲೇ ಇಲ್ವಾ?" ಎಂದು ಕೇಳಿದಾಗ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಸಂಜೆ ಊಟದ ಮೇಜಿನ ಮುಂದೆ ಮಗ ಕೇಳಿದ.

"ಎಷ್ಟು ದಿನ ಆಯ್ತಮ್ಮಾ, ಕಾಣದೆ?"

"ಏನೋ ಒಂದಷ್ಟು ವರ್ಷ ಆಯ್ತೇನೋ."

"ಮತ್ತೆ ಧಾರಾವಾಹಿ?"

"ಕೇಳ್ತಿದ್ದೆ ಕಣಪ್ಪ. ದನಿ ಕೇಳಿದ್ರೆ ಯಾರು ಅಂತ ಗೊತ್ತಾಗುತ್ತೆ."

"ಯಾಕೆ ಹೇಳ್ಲಿಲ್ಲ? ಒಂದು ಮಾತು ಯಾಕೆ ಹೇಳ್ಲಿಲ್ಲ ನೀನು?"

ಅತ್ತೆ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು. ತಪ್ಪು ಮಾಡಿದ ಮಗುವಿನ ಹಾಗೆ ಮುಖ ಮಾಡಿಕೊಂಡಳು.

"ನೀನು ದಿನಾ ಹೇಳ್ತಿದ್ಯಲ್ಲಪ್ಪ, ಚಾನೆಲ್ಲಿನ ಚಿತ್ರ ಹಾಳಾಗಿದೆ, ಮುದ್ದೆಯಾಗಿದೆ, ಅಂಚು ಕತ್ತರಿಸ್ತಾರೆ ಅಂತ. ನೀನು ಓದಿದೋನು, ಅದೇ ಕೆಲಸ ಮಾಡೋನು. ಚಿತ್ರನೇ ಹಾಗಿದೆ, ಎಲ್ರಿಗೂ ಹಾಗೇ ಕಾಣುತ್ತೆ ಅಂದ್ಕೊಂಡೆ."

ಅವನು ತಟ್ಟೆ ತಳ್ಳಿದ. ಎದ್ದು ಹೋಗಲಿಲ್ಲ, ಹೋಗಲು ಜಾಗ ಗೊತ್ತಿಲ್ಲದವನಂತೆ ಅಲ್ಲೇ ಕೂತ. ಟೈಲರಮ್ಮನಿಗೆ ಅವನ ಮೇಲೆ ಸಿಟ್ಟು ಬಂತು, ಅತ್ತೆಯ ಮೇಲೆ ಸಿಟ್ಟು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಉಪ್ಪಿನ ಡಬ್ಬಿಯನ್ನು ಆ ಮುದಿ ಕೈಗೆ ತುರುಕಿದ್ದ ತನ್ನ ಮೇಲೆ. ಅವಳು ಅತ್ತೆಯ ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡು ಅನ್ನಕ್ಕೆ ಮೊಸರು ಕಲಸಿಕೊಟ್ಟಳು.

ಬೆಳಿಗ್ಗೆ ಸಂಜೆ ಇಬ್ಬರನ್ನೂ ಸಾಲಾಗಿ ಕೂರಿಸಿ ಕಣ್ಣಿಗೆ ಔಷಧಿ ಹಾಕುವುದು ಈಗ ಅವಳ ಕೆಲಸ. ಅತ್ತೆ ವಿಧೇಯಳಾಗಿ ತಲೆ ಹಿಂದಕ್ಕೆ ಬಾಗಿಸುತ್ತಿದ್ದಳು. ಗಂಡ ಕೆಲವು ದಿನ ಬಾಗಿಸುತ್ತಿದ್ದ, ಕೆಲವು ದಿನ "ಯಾವ ಸೌಭಾಗ್ಯಕ್ಕೆ?" ಎಂದು ಮುಖ ತಿರುಗಿಸುತ್ತಿದ್ದ.

"ಉಳಿದಿದ್ದಾದ್ರೂ ಉಳೀಲಿ ಅಂತ."

"ಉಳಿದು ಏನು ನೋಡ್ಬೇಕು ನಾನು?"

"ನನ್ನನ್ನ ನೋಡಿ. ಮಗಳನ್ನ ನೋಡಿ. ಅದೂ ಬೇಡ್ವಾ?"

ಅವನು ತಲೆ ಹಿಂದಕ್ಕೆ ಬಾಗಿಸುತ್ತಿದ್ದ. ಔಷಧಿಯ ಹನಿಯೋ ಬೇರೆಯದೋ ಕೆನ್ನೆಯ ಮೇಲೆ ಇಳಿಯುತ್ತಿತ್ತು, ಅವಳು ಒರೆಸುತ್ತಿದ್ದಳು.

ಟೈಲರಮ್ಮನ ಜೀವವೆಲ್ಲ ಈಗ ಗುಬ್ಬಿಯ ಕಣ್ಣಿನಲ್ಲಿತ್ತು. ಅವರಿಬ್ಬರದು ಹೋಗಲಿ, ಇವಳದೊಂದು ಉಳಿಯಲಿ ಎಂದು ಹೊಲಿಯುವಾಗಲೂ ಬೇಡಿಕೊಳ್ಳುತ್ತಿದ್ದಳು. ಮಗಳು ಬಾಗಿಲು ದಾಟುವಾಗ ಭುಜ ತಾಗುತ್ತದೆಯೇ ಎಂದು ನೋಡುತ್ತಿದ್ದಳು. ಊಟದಲ್ಲಿ ಬೇಕೆಂದೇ ಲೋಟವನ್ನು ಬದಿಗಿಟ್ಟು ನೋಡುತ್ತಿದ್ದಳು. ಗುಬ್ಬಿ ಲೋಟವನ್ನು ಸರಿಯಾಗಿ ಹಿಡಿದಾಗ ಅವಳಿಗೆ ಹೋದ ಉಸಿರು ಬಂದಂತಾಗುತ್ತಿತ್ತು. ಆದರೆ ಆಸ್ಪತ್ರೆಯ ಮಾತೆತ್ತಿದರೆ ಹುಡುಗಿ ಜಾರಿಕೊಳ್ಳುತ್ತಿದ್ದಳು. ಪರೀಕ್ಷೆ ಮುಗಿಯಲಿ ಎಂದಳು. ಪರೀಕ್ಷೆ ಮುಗಿದ ಮೇಲೆ ಕೆಲಸ ಸಿಗಲಿ ಎಂದಳು. ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬಿಡಿಸುವ ಕೆಲಸ ಸಿಕ್ಕಿಯೂ ಬಿಟ್ಟಿತು, ಮುಂದಿನ ತಿಂಗಳಿನಿಂದ ಬಾ ಎಂದಿದ್ದರು. ಆ ಸಂಬಳದ ಮೇಲೆ ಬಾಡಿಗೆ ನಿಂತಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ನಂಗೇನಾಗಿದೆಯಮ್ಮ? ಬಸ್ಸಿನ ನಂಬರು ಅಷ್ಟು ದೂರದಿಂದ ಓದ್ತೀನಿ. ಕೂದಲೆಳೆಯಷ್ಟು ತೆಳು ಗೆರೆ ಎಳೀತೀನಿ."

"ನಿಮ್ಮಪ್ಪನೂ ಸೂಜಿಗೆ ದಾರ ಪೋಣಿಸಿಕೊಡ್ತಿದ್ರು."

"ಎರಡು ಜನ ಕುರುಡರು ಸಾಲ್ದಾ ನಿಂಗೆ? ಮೂರನೇದು ನಾನೂ ಬೇಕಾ?"

ಮಾತು ಬಾಯಿಂದ ಬಿದ್ದ ಮೇಲೆ ಗುಬ್ಬಿಯೇ ಬೆಚ್ಚಿದಳು. ಅಜ್ಜಿ ಕೇಳಿಸದವಳಂತೆ ಆಲೂಗಡ್ಡೆ ಸುಲಿಯುತ್ತಿದ್ದಳು. ಅಪ್ಪ ಕುರ್ಚಿಯಲ್ಲಿ ಕೂತಲ್ಲಿಂದಲೇ, ಮಗಳು ಎಲ್ಲಿದ್ದಾಳೆಂದು ತಲೆ ತಿರುಗಿಸಿ ಹುಡುಕಿ, ಸಿಕ್ಕ ಮೇಲೆ ಮಾತಾಡಿದ.

"ಹೋಗಿ ಬಾ ಗುಬ್ಬಿ."

"ನೀನು ಹೋಗಿದ್ದಕ್ಕೆ ಏನು ಸಿಕ್ತಪ್ಪ?"

"ನಾನು ತಡವಾಗಿ ಹೋದೆ ಕಣಮ್ಮಾ. ಅಷ್ಟೇ ವ್ಯತ್ಯಾಸ."

ಅವನು ಹಾಗೆ ದನಿ ತಗ್ಗಿಸಿ ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಗುಬ್ಬಿ ಅಳುತ್ತ ಹೋಗಿ ಅವನ ಪಕ್ಕದಲ್ಲಿ ಕೂತಳು. ಮರುವಾರ ಅಮ್ಮನೊಡನೆ ಹೊರಟಳು.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿನ ಒತ್ತಡ ನೋಡಿದರು. ಒಂದು ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಒಳಗಿನ ಕೋಣೆಗೆ ಕಳಿಸಿದರು. ಅರೆಗತ್ತಲೆಯ ಆ ಕೋಣೆಯಲ್ಲಿ ದೊಡ್ಡ ಬಿಳಿ ಬೋಗುಣಿಯನ್ನು ಅಡ್ಡ ಮಲಗಿಸಿದಂಥ ಯಂತ್ರವೊಂದಿತ್ತು. ಅಲ್ಲಿನ ನರ್ಸು ಗುಬ್ಬಿಯ ಗಲ್ಲವನ್ನು ಅದರ ಮುಂದಿನ ಪಟ್ಟಿಯ ಮೇಲೆ ಇಡಿಸಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಕೈಗೆ ಗುಂಡಿಯೊಂದನ್ನು ಕೊಟ್ಟಳು.

"ನೆಟ್ಟಗೆ ನಡುವೆನೇ ನೋಡ್ತಿರ್ಬೇಕು. ಸುತ್ತ ಎಲ್ಲಾದ್ರೂ ಸಣ್ಣ ಬೆಳಕು ಕಂಡ್ರೆ ಗುಂಡಿ ಒತ್ತು. ಕಣ್ಣು ಆಡಿಸ್ಬೇಡ. ಎಲ್ಲಾ ಕಾಣಲ್ಲ, ಯಾರಿಗೂ ಎಲ್ಲಾ ಕಾಣಲ್ಲ. ಹೆದರ್ಕೋಬೇಡ."

ಟೈಲರಮ್ಮ ನರ್ಸಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ನರ್ಸಿನ ಮುಂದೆ ಒಂದು ಪರದೆಯಿತ್ತು. ಯಂತ್ರದೊಳಗೆ ಬೆಳಕು ಎಲ್ಲಿ ಹೊತ್ತಿತೋ ಅಲ್ಲಿ ಪರದೆಯ ಮೇಲೂ ಒಂದು ಚುಕ್ಕೆ ಮೂಡುತ್ತಿತ್ತು, ಆಮೇಲೆ ಗುಬ್ಬಿಯ ಕೈಯಲ್ಲಿ ಗುಂಡಿ ಟಕ್ ಎನ್ನುತ್ತಿತ್ತು. ಚುಕ್ಕೆ, ಟಕ್. ಚುಕ್ಕೆ, ಟಕ್. ನಡುವಿನ ಚುಕ್ಕೆಗಳನ್ನು ಹುಡುಗಿ ಒಂದನ್ನೂ ಬಿಡಲಿಲ್ಲ. ಟೈಲರಮ್ಮನ ಎದೆ ಸ್ವಲ್ಪ ಹಗುರಾಯಿತು.

ಆಮೇಲೆ ಚುಕ್ಕೆಗಳು ಮೇಲಿನ ಬದಿಗೆ ಹೋದವು. ಒಂದು ಚುಕ್ಕೆ ಮೂಡಿತು. ಸದ್ದಿಲ್ಲ. ಪಕ್ಕದಲ್ಲಿ ಇನ್ನೊಂದು ಮೂಡಿತು. ಸದ್ದಿಲ್ಲ. ಯಾರಿಗೂ ಎಲ್ಲಾ ಕಾಣಲ್ಲ ಎಂದು ಟೈಲರಮ್ಮ ಮನಸ್ಸಿನಲ್ಲೇ ಹೇಳಿಕೊಂಡಳು. ಇನ್ನೊಂದು. ಮತ್ತೊಂದು, ಮೊದಲಿಗಿಂತ ಪ್ರಕಾಶವಾಗಿ. ಒತ್ತು ಕಂದಾ, ಒತ್ತು ಎಂದು ಅವಳ ಹೆಬ್ಬೆರಳು ತನ್ನಷ್ಟಕ್ಕೆ ಅಂಗೈಯನ್ನು ಒತ್ತುತ್ತಿತ್ತು. ಗುಬ್ಬಿ ಬೆನ್ನು ನೆಟ್ಟಗೆ ಮಾಡಿ, ಗುಂಡಿಯ ಮೇಲೆ ಬೆರಳಿಟ್ಟು, ಮೈಯೆಲ್ಲ ಕಣ್ಣಾಗಿ ಕಾಯುತ್ತ ಕೂತಿದ್ದಳು. ಚುಕ್ಕೆಗಳು ಬರುತ್ತಲೇ ಇದ್ದವು, ಕೋಣೆಯಲ್ಲಿ ಯಂತ್ರದ ಗುಂಯ್ ಎನ್ನುವ ಸದ್ದೊಂದೇ ಇತ್ತು. ನರ್ಸು ಪರದೆಯಿಂದ ಕಣ್ಣು ತೆಗೆಯದೆ, ಟೈಲರಮ್ಮನ ಕಡೆಗಿದ್ದ ತನ್ನ ಭುಜವನ್ನು ತುಸು ಅಡ್ಡ ತಂದಳು.

ಇನ್ನೊಂದು ಕಣ್ಣಿನದೂ ಮುಗಿದು ದೀಪ ಹಾಕಿದಾಗ ಗುಬ್ಬಿ ಕಣ್ಣುಜ್ಜಿಕೊಂಡು ನಗುತ್ತ ಬಂದಳು. ಎಷ್ಟೋ ದಿನಗಳ ಭಾರ ಇಳಿದವಳಂತಿದ್ದಳು.

"ಇ‌ಷ್ಟೇನಾ? ಸುಮ್ನೆ ಹೆದರಿದ್ದೆ," ಎಂದವಳು ಅಮ್ಮನ ಕಿವಿಯ ಹತ್ತಿರ ಬಾಗಿ ದನಿ ತಗ್ಗಿಸಿದಳು. "ಆದ್ರೆ ಅಮ್ಮಾ, ಆ ಯಂತ್ರ ಸರಿಯಿಲ್ಲ ಅನ್ಸುತ್ತೆ. ಮಧ್ಯೆ ಎಷ್ಟೋ ಹೊತ್ತು ಬೆಳಕೇ ಬರ್ಲಿಲ್ಲ, ಸುಮ್ನೆ ಕಾಯ್ತಾ ಕೂತಿದ್ದೆ. ಅವರಿಗೆ ಒಂದು ಮಾತು ಹೇಳು, ರಿಪೇರಿ ಮಾಡಿಸ್ಲಿ."

"ಹೇಳ್ತೀನಿ," ಎಂದಳು ಟೈಲರಮ್ಮ.